ಶನಿವಾರದ ಏಪ್ರನ್ನು

ಲಿವೋನಿಯಾದ ಎಪಿಸ್ಕೋಪಲ್ ಚರ್ಚಿನ ಶನಿವಾರದ ಊಟಕ್ಕೆ ಮೊದಲ ಸಲ ಹೋದಾಗ ಸುಶಾಂತ ಕಾರನ್ನು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿಸಿದ. ಸುತ್ತಿಗೆ ಕೊಳ್ಳಲು ಬಂದವನ ಗತ್ತಿನಲ್ಲಿ ಇಳಿದು, ಹಿಮದಲ್ಲಿ ಜಾರುತ್ತ ಚರ್ಚಿನ ಕಡೆ ನಡೆದ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುತ್ತಿದ್ದ ಆ ಕಣ್ಣಿಗೆ ತನ್ನ ಕೆಲಸವೇ ಹೋಗಲಿದೆ ಎಂಬುದು ಮಾತ್ರ ಕಂಡಿರಲಿಲ್ಲ.

ಮನೆಯಲ್ಲಿ ಮೂರು ಹೊತ್ತೂ ಅವಲಕ್ಕಿ. ಆದರೆ ಹಸಿವಿಗಿಂತ ದೊಡ್ಡ ಹೆದರಿಕೆ ಒಂದಿತ್ತು: ಪುಕ್ಕಟೆ ಊಟಕ್ಕೆ ಹೋಗುತ್ತಾನೆಂದು ಕನ್ನಡ ಕೂಟದವರಿಗೆ ಗೊತ್ತಾಗಬಾರದು. ಅದರಲ್ಲೂ ಪಕ್ಕದೂರು ನಾರ್ತ್‌ವಿಲ್‌ನ ಬಾಲು ಅಂಕಲ್‌ಗೆ. ಅವರ ಕಿವಿಗೆ ಬಿದ್ದ ಸುದ್ದಿ ಮರುದಿನ ಅಲ್ಲಿಯ ದೇವಸ್ಥಾನದ ಊಟದ ಸಾಲಿನಲ್ಲಿ ಚಟ್ನಿಯ ಜೊತೆಗೇ ಎಲ್ಲರ ತಟ್ಟೆಗೆ ಬೀಳುತ್ತಿತ್ತು.

ಚರ್ಚಿನ ಮೆಟ್ಟಿಲ ಮೇಲೆ ಮತ್ತೆ ಜಾರಿ, "ಯಪ್ಪಾ!" ಎಂದ.

"ಹುಬ್ಬಳ್ಳಿ ಕಡೆಯವನೇನಪ್ಪ?" ಬಾಗಿಲಲ್ಲಿ ನಿಂತಿದ್ದ ಹೆಂಗಸು ಕೇಳಿದರು. ಸೀರೆ, ಮೇಲೆ ಸ್ವೆಟರು, ಕೆಳಗೆ ಸ್ನೋ ಬೂಟು. ಎಲ್ಲರೂ ಅವರನ್ನು ದೇವಮ್ಮ ಆಂಟಿ ಎನ್ನುತ್ತಿದ್ದರು.

ಇಲ್ಲೂ ಕನ್ನಡದವರೇ! ಸುಶಾಂತ ಹಾರ್ಡ್‌ವೇರ್ ಅಂಗಡಿಯ ಕಡೆ ತಿರುಗಿ ನೋಡಿದ. "ಬಾಗಲಕೋಟಿರಿ. ಸುಮ್ನ ನೋಡಾಕ ಬಂದಿದ್ದೆ."

"ನೋಡೋಕೂ ಇದು ಬೇಕು. ಕೈ ಎತ್ತು," ಎಂದು ಅವನ ಕೊರಳಿಗೆ ಏಪ್ರನ್ ಹಾಕಿಯೇಬಿಟ್ಟರು. ಅವನು ಗಡಿಬಿಡಿಯಲ್ಲಿ ಲಿಂಗದ ದಾರವನ್ನು ಅಂಗಿಯೊಳಗೆ ತುರುಕಿದ. "ಅದು ಹೊರಗಿದ್ರೂ ಯಾರೂ ಏನೂ ಅನ್ನಲ್ಲಪ್ಪ. ಸೂಪಿಗೆ ಬೀಳದ ಹಾಗೆ ನೋಡ್ಕೊ, ಸಾಕು."

ಒಳಗೆ ಎಲ್ಲರೂ ಏಪ್ರನ್ನಿನಲ್ಲೇ ಇದ್ದರು. ಬಡಿಸುವವರು, ಉಣ್ಣುವವರು, ಮೇಜು ಒರೆಸುವವರು. ಪಾದ್ರಿ ಒಬ್ಬ ಹೆಂಗಸು. ಬಿಳಿ ಕಾಲರಿನ ಮೇಲೆ ಏಪ್ರನ್ ಕಟ್ಟಿಕೊಂಡು ಪಾತ್ರೆ ತಿಕ್ಕುತ್ತಿದ್ದರು. ಚಳಿ ವಿಪರೀತವಾದರೆ ಇದೇ ಹಾಲ್‌ನಲ್ಲಿ ಮನೆಯಿಲ್ಲದವರಿಗೆ ಮಂಚ ಬೀಳುತ್ತಿತ್ತು, ಬುಧವಾರ ಕುಡಿತ ಬಿಟ್ಟವರು ಸೇರುತ್ತಿದ್ದರು. ನೀನು ಯಾವ ದೇವರವನು ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ.

ಮೂರನೇ ಶನಿವಾರ ಸುಶಾಂತ ಗುಡ್ಡದಂತೆ ಪೇರಿಸಿದ ತಟ್ಟೆಯ ಮುಂದೆ ಕೂತಿದ್ದಾಗ ಎದುರಿಗೆ ಬಾಲು ಅಂಕಲ್! ಅವರ ಮೈಮೇಲೂ ಏಪ್ರನ್. ಸುಶಾಂತ ಬಾಯಲ್ಲಿದ್ದ ಆಲೂಗಡ್ಡೆಯನ್ನು ಇಡಿಯಾಗಿ ನುಂಗಿದ.

"ಏನೋ, ನೀನೂ ವಾಲಂಟಿಯರ್ರಾ? ಭೇಷ್!"

"ಹೂಂ ಅಂಕಲ್... ರುಚಿ ನೋಡಾಕತ್ತಿದ್ದೆ."

"ನೋಡು ನೋಡು. ಕ್ವಾಲಿಟಿ ಇನ್‌ಸ್ಪೆಕ್ಟರ್ ಅಲ್ವಾ!"

ಆ ದಿನ ಸುಶಾಂತ, ಯಾರು ಬೇಡವೆಂದರೂ ಕೇಳದೆ, ಮಾನ ಉಳಿಸಿದ ಏಪ್ರನ್ನಿನ ಮೇಲಿನ ಕೃತಜ್ಞತೆಗೆ ಪಾತ್ರೆ ತೊಳೆದ. ಪಕ್ಕದಲ್ಲಿ ಒರೆಸುತ್ತಿದ್ದ ದೇವಮ್ಮ ಆಂಟಿಯನ್ನು ಕೇಳಿದ, "ಈ ಏಪ್ರನ್ ಐಡಿಯಾ ಯಾರದ್ರಿ?"

ಆಂಟಿ ಮೈಸೂರಿನ ಸಿ.ಎಸ್.ಐ. ಚರ್ಚಿನಲ್ಲಿ ಬೆಳೆದವರು. ಇಲ್ಲಿ ವೃದ್ಧಾಶ್ರಮವೊಂದರಲ್ಲಿ ವರ್ಷಗಟ್ಟಲೆ ಮುದುಕರನ್ನು ಎತ್ತಿ ಕೂರಿಸಿ ಸೊಂಟ ಸವೆಸಿಕೊಂಡವರು. ಬಡಿಸೋಣವೆಂದು ಮೊದಲ ಸಲ ಈ ಚರ್ಚಿಗೆ ಬಂದ ಶನಿವಾರ, ಬಡಿಸುತ್ತಿದ್ದ ಒಬ್ಬಾಕೆ ಇವರೂ ಉಣ್ಣಲು ಬಂದವರೆಂದುಕೊಂಡು ಕೈಗೆ ತಟ್ಟೆ ಕೊಟ್ಟು ಊಟದ ಸಾಲು ತೋರಿಸಿದ್ದಳು.

"ಸಿಟ್ಟು ಬರಲಿಲ್ರಿ?"

"ಬರದೇ ಇರುತ್ತಾ? ಉಂಡ ಮೇಲೆ ಇಳೀತು. ಆದ್ರೆ ಆ ಸಾಲಲ್ಲಿ ನಿಂತಾಗ ಬೆನ್ನಿಗೆ ಎಷ್ಟು ಕಣ್ಣು ಅಂಟ್ಕೊಳ್ತವೆ ಅಂತ ಗೊತ್ತಾಯ್ತಪ್ಪ. ಮುಂದಿನ ವಾರ ಹಳೇ ಪರದೆ ಹರಿದು ಏಪ್ರನ್ ಹೊಲ್ಕೊಂಡು ಬಂದೆ. ಒಳಗೆ ಬಂದೋರಿಗೆಲ್ಲ ಒಂದೊಂದು ಅಂದೆ. ಮೊದಲು ಕಟ್ಕೊಂಡೋಳು ಅವಳೇ, ತಟ್ಟೆ ಕೊಟ್ಟೋಳು. ಉಳಿದೋರಿಗೆ ಬಟ್ಟೆ ಸಾಲದು ಅಂತ ಈ ಹಾಲ್‌ನ ಪರದೆ ಬಿಚ್ಚಿ ಕೊಟ್ಟೋರು ಪಾದ್ರಿಯಮ್ಮ."

ಹಿಮ ಕರಗುವ ಹೊತ್ತಿಗೆ ಸುಶಾಂತನಿಗೆ ಬೇರೆ ಕೆಲಸ ಸಿಕ್ಕಿತು. ಸಂಬಳದ ಜೊತೆಗೆ ಧೈರ್ಯವೂ ಬಂದು, ಆ ಶನಿವಾರ ಚರ್ಚಿನ ಪಾರ್ಕಿಂಗಿನಲ್ಲೇ ಕಾರು ನಿಲ್ಲಿಸಿದ. ಧೈರ್ಯದ ಜೊತೆ ಕುತೂಹಲವೂ ಬಂದಿತ್ತು. "ಆಂಟಿ, ಬಾಲು ಅಂಕಲ್ ವಾರಾ ವಾರಾ ಬರ್ತಾರಲ್ರಿ. ಬಡಸಾಕೋ, ಉಣ್ಣಾಕೋ?"

ಆಂಟಿ ಅವನನ್ನೇ ನೋಡಿದರು. "ನಿನ್ನ ಬಗ್ಗೆ ಅವರೂ ಇದನ್ನೇ ಕೇಳಿದ್ರು."

ಸುಶಾಂತ ಏಪ್ರನ್ನಿನ ದಾರ ಬಿಚ್ಚಿ ಮತ್ತೆ ಬಿಗಿದ. "ಅದಕ್ಕ ನೀವು ಏನಂದ್ರಿ?"

"ಆಲೂಗಡ್ಡೆ ಸುಲೀರಿ ಅಂದೆ. ಹೋಗು, ನೀನೂ ಸುಲಿ."

ಅವನು ಹೋಗಿ ಬಾಲು ಅಂಕಲ್ ಪಕ್ಕ ಕೂತ. ಅಂಕಲ್ ತಲೆಯೆತ್ತದೆ ಸಿಪ್ಪೆ ತೆಗೆಯುತ್ತಲೇ ಕೇಳಿದರು, "ಇವತ್ತು ಹಾರ್ಡ್‌ವೇರ್ ಅಂಗಡಿ ಮುಂದೆ ಕಾರು ನಿಲ್ಲಿಸಿಲ್ವಲ್ಲೋ?"

"ನಿಮಗ ಹೆಂಗ ಗೊತ್ರಿ?"

"ನಿನ್ನ ಜಾಗ ಖಾಲಿ ಇತ್ತು. ನಾನು ನಿಲ್ಲಿಸ್ದೆ."

ಸುಶಾಂತ ತಾನೂ ಒಂದು ಆಲೂಗಡ್ಡೆ ಎತ್ತಿಕೊಂಡ.