ಮೂರು ದಿನದ ಜ್ವರ

ಕಳೆದ ಭಾನುವಾರ ಮನೆಮಂದಿಯೆಲ್ಲ ಚನ್ನಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲೊಂದಕ್ಕೆ ಹೋಗಿದ್ದೆವು. ಅಲ್ಲಿನ ಗೋಡೆಗೆ ಒಂದು ಚಂದ್ರಿಕೆ ನೇತುಹಾಕಿದ್ದರು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆ ಅದು. ಹುಳು ಇರಬೇಕಾದ ಜಾಗದಲ್ಲಿ ಬಣ್ಣದ ಬಲ್ಬು ಸಿಕ್ಕಿಸಿದ್ದರು, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ದೊಡ್ಡಪ್ಪ ದೊಡ್ಡಮ್ಮ ನೆನಪಾಗಿ ನಗು ಬಂತು. ಟೇಬಲಿನ ಆ ತುದಿಯಲ್ಲಿ ಮೊಮ್ಮಕ್ಕಳ ನಡುವೆ ಕೂತಿದ್ದ ನನ್ನ ಹೆಂಡತಿ, "ನಿಮ್ ತಾತನ್ನ ಕೇಳು, ಅದ್ಯಾಕೆ ಒಬ್ರೇ ನಗ್ತಾವ್ರೆ ಅಂತ" ಎಂದು ಮೊಮ್ಮಗಳ ಮೂಲಕ ವಿಚಾರಿಸಿದಳು.

ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಮನೆಗೆ ಸೊಸೆ ಬಂದ ದಿನವೇ ಅತ್ತೆ ಮಾವನಿಗೆ ವಿಚ್ಛೇದನ. ಕೋರ್ಟು ಕಚೇರಿ ಬೇಡ, ಚಾಪೆ ಎತ್ತಿಟ್ಟರೆ ಸಾಕು. ಅತ್ತೆಯ ಚಾಪೆ ಒಳಗೆ ಒಲೆಯ ಪಕ್ಕಕ್ಕೆ, ಮಾವನದು ಜಗಲಿಗೆ. ಆಮೇಲೆ ಅವರಿಬ್ಬರೂ ಮಾತಾಡಬೇಕಾದರೆ ನಡುವೆ ಒಂದು ಮಗುವೋ ಕರುವೋ ಇರಲೇಬೇಕು. ನೇರವಾಗಿ ಮಾತಾಡಿದರೆ "ಈ ವಯಸ್ಸಲ್ಲಿ ಏನಿವರದು" ಅಂದಾರು ಎಂಬ ಭಯ. ಮದುವೆಗೆ ಮುಂಚೆ ಮಾತಾಡಿಸಿದರೆ ತಪ್ಪು, ಮೊಮ್ಮಕ್ಕಳಾದ ಮೇಲೆ ಮಾತಾಡಿಸಿದರೂ ತಪ್ಪು. ನಡುವಿನ ದಿನಗಳಲ್ಲಿ ಮಾತಾಡೋಣವೆಂದರೆ ಪುರುಸೊತ್ತಿರುವುದಿಲ್ಲ.

ಗುಡೇಮಾರನಹಳ್ಳಿಯಲ್ಲಿದ್ದ ನಮ್ಮ ದೊಡ್ಡಪ್ಪ ಕೆಂಪಯ್ಯನವರದೂ ಇದೇ ಪಾಡು. ಜಗಲಿಯ ಮೇಲೆ ಅವರು ನಕ್ಕಿದ್ದನ್ನು ಕಂಡವರಿಲ್ಲ. ದೊಡ್ಡಮ್ಮ ಅವರ ಹೆಸರೆತ್ತುವುದಿರಲಿ, ಕೆಂಪು ಸೀರೆಯನ್ನು ಕೂಡ 'ಆ ಬಣ್ಣದ್ದು' ಎನ್ನುತ್ತಿದ್ದರು. ಇಬ್ಬರಿಗೂ ಇದ್ದ ಒಂದೇ ಕೆಲಸವೆಂದರೆ ಹಿತ್ತಲ ಹುಳುಮನೆ. ಅಲ್ಲಿ ಮಡಿ ಜಾಸ್ತಿ. ಬಾಗಿಲಲ್ಲಿ ಸುಣ್ಣದ ಪುಡಿ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಊದುಬತ್ತಿ, ಸೆಂಟು, ಬೀಡಿ ಯಾವ ವಾಸನೆಯೂ ಕೂಡದು. ಹೆಂಡತಿ ಮೂವತ್ತು ವರ್ಷ ಬೈದರೂ ಬಿಡದ ಬೀಡಿಯನ್ನು ಕೆಂಪಯ್ಯ ಹುಳುವಿಗಾಗಿ ಬಿಟ್ಟ ಎಂದು ಊರೇ ಹೊಗಳುತ್ತಿತ್ತು.

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮವರು 'ಜ್ವರ' ಎನ್ನುತ್ತಾರೆ. ಆಗ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನೆ ಇರುತ್ತದೆ. "ಜ್ವರಕ್ಕೆ ಕೂತೈತೆ, ಯಾರೂ ಇತ್ಲಾಗ್ ಬರ್ಬೇಡಿ" ಎಂದು ಕೂಗಿ ದೊಡ್ಡಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ದೊಡ್ಡಪ್ಪ ಮೊದಲೇ ಇರುತ್ತಿದ್ದರು. ಊಟದ ಹೊತ್ತು ಬಿಟ್ಟರೆ ಮೂರು ದಿನ ಇಬ್ಬರೂ ಹೊರಗೆ ಕಾಣಿಸುತ್ತಿರಲಿಲ್ಲ.

ನಾನಾಗ ಮಾಗಡಿಯಲ್ಲಿ ಹೊಸದಾಗಿ ವಿಜ್ಞಾನದ ಮೇಷ್ಟ್ರು. ಹೊಸ ಮೇಷ್ಟ್ರಿಗೆ ಗೊತ್ತಿರುವುದನ್ನು ಬಾಯಲ್ಲಿಟ್ಟುಕೊಳ್ಳಲಾಗುವುದಿಲ್ಲ. ರಜಕ್ಕೆ ಹೋದವನು ಎಲ್ಲರೂ ಮುದ್ದೆ ನುಂಗುತ್ತಿದ್ದಾಗ ದೊಡ್ಡಪ್ಪನ ಮಗ ಗಂಗಣ್ಣನಿಗೆ, "ಜ್ವರ ಒಂದು ಹಗಲು ಒಂದು ರಾತ್ರಿಯಷ್ಟೇ ಕಣಣ್ಣ ಇರೋದು. ನಿಮ್ಮನೆಲಿ ಮಾತ್ರ ಮೂರು ದಿನ. ಅದೂ ಅಲ್ದೆ, ಜ್ವರ ಅಂತಾರೆ, ಸೊಪ್ಪಿನ ಬುಟ್ಟಿ ಮಾತ್ರ ಒಳಕ್ಕೆ ಹೋಗ್ತಾನೇ ಐತೆ!" ಎಂದು ಪಾಠ ಮಾಡಿದೆ. ದೊಡ್ಡಪ್ಪ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ದೊಡ್ಡಮ್ಮ ಒಲೆಯ ಕಡೆ ತಿರುಗಿಕೊಂಡರು.

ಗಂಗಣ್ಣ ಬಹಳ ಒಳ್ಳೆಯವನು. ಒಳ್ಳೆಯ ಮಕ್ಕಳಿಂದ ತಂದೆತಾಯಿಗೆ ಆಗುವ ತೊಂದರೆ ಕೆಟ್ಟವರಿಂದಲೂ ಆಗಲಾರದು. "ಪಾಪ, ವಯಸ್ಸಾಯ್ತು, ಲೆಕ್ಕ ತಪ್ತಾವ್ರೆ. ಮುಂದ್ಲ ಬೆಳೆಯಿಂದ ಹುಳುಮನೆ ನಾವೇ ನೋಡ್ಕತೀವಿ. ಅಪ್ಪ ಜಗಲಿ ಮ್ಯಾಲೆ, ಅವ್ವ ಒಳಗೆ, ಇಬ್ರೂ ಆರಾಮಾಗಿರ್ಲಿ" ಎಂದು ತೀರ್ಮಾನಿಸಿದ. ನನ್ನ ಕಡೆ ತಿರುಗಿ, "ನಾಳೆ ನೀನೇ ಹೋಗಿ ಒಸಿ ನೋಡ್ಕಂಡ್ ಬಾರ್ಲಾ" ಎಂದ.

ಮರುದಿನ ಹೋದೆ. ಬಾಗಿಲು ಹಾಕಿತ್ತು. ಕಿಟಕಿಯ ಗೋಣಿತಾಟು ಸರಿಸಿ ಇಣುಕಿದೆ. ಹುಳುಗಳು ಜ್ವರ ಬಿಟ್ಟು ಸೋನೆ ಮಳೆ ಸದ್ದಿನಲ್ಲಿ ಸೊಪ್ಪು ತಿನ್ನುತ್ತಿದ್ದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ, ಪಕ್ಕದಲ್ಲಿ ಹುರಿಗಡಲೆ, ಒಂದಚ್ಚು ಬೆಲ್ಲ. ದೊಡ್ಡಮ್ಮ ಕವಡೆ ಹಾಕಿ, "ಮೋಸ ಮಾಡ್ಬೇಡ ಕಣೋ ಕೆಂಪಯ್ಯ! ನನ್ ಕಾಯಿ ಎಲ್ಲಿಟ್ಟೆ?" ಎಂದರು. ದೊಡ್ಡಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬೀಡಿ ಬಿಟ್ಟಿದ್ದು ಯಾರಿಗಾಗಿ ಎಂಬುದು ಆಗ ಈ ವಿಜ್ಞಾನಿಯ ತಲೆಗೆ ಹೊಳೆಯಿತು. ಇಂಥ ಜಾಗವನ್ನು ನಾನು ಮಾತಿನ ಚಪಲಕ್ಕೆ ಕಳೆದುಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನ ಎಲ್ಲರ ಮುಂದೆ ಗಂಗಣ್ಣ ಕೇಳಿದ, "ಏನ್ಲಾ ಕಂಡೆ?"

"ನಂದೇ ತಪ್ಪು ಕಣಣ್ಣ," ಎಂದೆ. "ಈ ತಳಿ ಬೇರೆ. ಇದಕ್ಕೆ ಮೂರು ದಿನ ಜ್ವರ ಇದ್ದೇ ಇರುತ್ತೆ. ಸೊಪ್ಪು ತಂಪಿಗೆ ಹಾಕೋದು. ಕೈ ಬದಲಾದ್ರೆ ಈ ಹುಳ ಗೂಡು ಕಟ್ಟೋದೇ ಇಲ್ಲ."

"ನಿಂಗೆ ಅದ್ಯಾವನ್ಲಾ ಮೇಷ್ಟ್ರ ಕೆಲಸ ಕೊಟ್ಟ?" ಎಂದು ಗಂಗಣ್ಣ ಬಿದ್ದು ಬಿದ್ದು ನಕ್ಕ. ಕುದೂರಿನವರೆಗೂ ನನಗೆ 'ಮೂರು ದಿನದ ಮೇಷ್ಟ್ರು' ಎಂಬ ಹೆಸರು ಹಬ್ಬಿತು. ಹುಳುಮನೆ ಮಾತ್ರ ದೊಡ್ಡಪ್ಪ ದೊಡ್ಡಮ್ಮನ ಕೈಯಲ್ಲೇ ಉಳಿಯಿತು. ಆ ದಿನ ದೊಡ್ಡಮ್ಮ ನನ್ನ ಮುದ್ದೆಯ ಮೇಲೆ ಕೇಳದೇ ಎರಡು ಮಿಳ್ಳೆ ತುಪ್ಪ ಸುರಿದು, "ನೀನು ಓದಿದ್ದು ಸಾರ್ಥಕ ಆಯ್ತು ಕಣಪ್ಪ" ಎಂದರು.

ಇಷ್ಟೆಲ್ಲ ಬುದ್ಧಿ ಬಂದವನು ಏನು ಮಾಡಿದೆ? ನನ್ನ ಮನೆಗೆ ಸೊಸೆ ಬಂದಾಗ ಮಾತಿಲ್ಲದೆ ನನ್ನ ಹಾಸಿಗೆಯನ್ನು ಹಾಲಿಗೆ ತಂದುಕೊಂಡೆ. ಹೋಟೆಲಿನಲ್ಲಿ ಆ ಬಲ್ಬಿನ ಬೆಳಕಲ್ಲಿ ಟೇಬಲಿನ ಆ ತುದಿಯಲ್ಲಿದ್ದ ಹೆಂಡತಿಯನ್ನು ನೋಡಿದೆ. ಒಂದೇ ಮನೆಯಲ್ಲಿದ್ದೂ ಇವಳಿಲ್ಲದೆ ಏಳು ವರ್ಷ ಕಳೆದಿದ್ದೆ.

"ನಾಳೆಯಿಂದ ಮಹಡಿ ಮೇಲಿನ ರೂಮಲ್ಲಿ ನಾನು, ನಿಮ್ಮಮ್ಮ ಅಣಬೆ ಬೆಳೀತೀವಿ," ಎಂದೆ ಮಗನಿಗೆ. "ಗಾಳಿ, ಬೆಳಕು, ಮಕ್ಕಳು, ಯಾವುದೂ ಒಳಗೆ ಬರಬಾರದು."

ಮಗ ಕೂಡಲೇ ಮೊಬೈಲ್ ನೋಡಿ, "ಅಪ್ಪ, ಇಪ್ಪತ್ತೈದು ದಿನಕ್ಕೆಲ್ಲ ಬೆಳೆ ಬರುತ್ತಂತೆ" ಎಂದ.

"ಈ ತಳಿ ಬೇರೆ," ಎಂದೆ.

ಈ ಕಥೆಯನ್ನು ಹಿಂದೆ ಎಷ್ಟೋ ಸಲ ಕೇಳಿದ್ದ ನನ್ನ ಹೆಂಡತಿ ಮೊಮ್ಮಗಳ ತಲೆಯ ಮೇಲಿಂದ ನೇರ ನನ್ನನ್ನೇ ನೋಡಿದಳು.

"ಕವಡೆ ನನ್ ಹತ್ರ ಅವೆ," ಎಂದಳು.