ಸ್ಯಾಟಿನ್ ಗೌನು, ಹತ್ತನೇ ತಾರೀಖು

1968ರ ಡಿಸೆಂಬರ್ 31ರ ಸಂಜೆ ಏಳೂವರೆಗೆ ಎರ್ನಾಕುಳಂನ ಒಂದು ಕ್ಲಬ್ಬಿನ ಹಾಲಿನಲ್ಲಿ, ಇಪ್ಪತ್ತೆರಡು ವರ್ಷದ ಕನ್ನಡದ ಹುಡುಗಿಯೊಬ್ಬಳು ಮಲಗುವ ಉಡುಪು ತೊಟ್ಟು ಐವತ್ತು ಅರವತ್ತು ಜನರ ಮುಂದೆ ಬಂದು ನಿಂತಳು. ಅದು ಮಲಗುವ ಉಡುಪು ಎಂಬುದು ಆ ಹೊತ್ತಿಗೆ ಮೂವರಿಗೆ ಮಾತ್ರ ಗೊತ್ತಿತ್ತು: ಹೊಲಿದ ದರ್ಜಿಗೆ, ತೊಟ್ಟ ಹುಡುಗಿಗೆ, ನನಗೆ.

ನಾನು ಆಗ ಒಂದು ಇಂಗ್ಲಿಷ್ ಪತ್ರಿಕೆಯ ಕೊಚ್ಚಿ ವರದಿಗಾರ. ಎರ್ನಾಕುಳಂನ ಪಾಲಾರಿವಟ್ಟಂ ಬಡಾವಣೆಯಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ಹುಡುಗಿಯ ಅಣ್ಣ. ಮೈಸೂರಿನವರು, ಬ್ಯಾಂಕೊಂದರಲ್ಲಿ ಅಕೌಂಟೆಂಟ್. ತಂದೆ ತಾಯಿ ತೀರಿಕೊಂಡಿದ್ದರು. ತಂಗಿ ಬಿ.ಎ. ಮುಗಿಸಿ ಅಣ್ಣನ ಜೊತೆಗಿದ್ದಳು. ನವೆಂಬರಿನಲ್ಲಿ ಅವಳಿಗೆ ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಿಂದ ಗುಮಾಸ್ತೆ ಕೆಲಸದ ಆದೇಶ ಬಂತು. ಜನವರಿ ಹತ್ತನೇ ತಾರೀಖಿನೊಳಗೆ ಸೇರಬೇಕು, ತಪ್ಪಿದರೆ ಆದೇಶ ರದ್ದು. ಅದೇ ವಾರ ಒಂದು ಸಂಬಂಧವೂ ಬಂತು. ಹುಡುಗ ಬೆಂಗಳೂರಿನವನು, ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸ, ಅಮೆರಿಕದಲ್ಲಿ ಒಂದು ವರ್ಷ ತರಬೇತಿ ಮುಗಿಸಿ ಬಂದಿದ್ದ. ಅವನ ತಾಯಿಗೆ ದುಡಿಯುವ ಸೊಸೆ ಬೇಡ. ಅಣ್ಣ ಊಟದ ಮುಂದೆ ತೀರ್ಮಾನ ಹೇಳಿದರು: ಸಂಬಂಧ ಕುದುರಿದರೆ ಕೆಲಸದ ಮಾತಿಲ್ಲ. ಹುಡುಗಿ, ತನಗೆ ಕೆಲಸಕ್ಕೆ ಹೋಗಬೇಕೆಂದಿದೆ ಎಂದಳು. ಅಂದು ನಾನೂ ಅಲ್ಲಿ ಎಲೆಯ ಮುಂದೆ ಕೂತಿದ್ದೆ. ಅಣ್ಣ ಸಾರು ಬಡಿಸಲು ಹೇಳಿದರು.

ಹುಡುಗಿಯನ್ನು ತೋರಿಸುವ ಹೊಣೆ ಹೊತ್ತವರು ಬ್ಯಾಂಕಿನ ಮ್ಯಾನೇಜರ ಹೆಂಡತಿ. ಅಣ್ಣನ ಬಡ್ತಿಗೆ ಗುಪ್ತ ವರದಿ ಬರೆಯುವವರು ಮ್ಯಾನೇಜರು. ಹಾಗಾಗಿ ಬೇಡ ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈ ಮಹಿಳೆ ಭಾನುವಾರ ಬೆಳಗಿನ ಇಂಗ್ಲಿಷ್ ಸಿನಿಮಾದ ಆಟ ತಪ್ಪಿಸುತ್ತಿರಲಿಲ್ಲ. ಕಥೆ ಆಕೆಗೆ ಬೇಕಿರಲಿಲ್ಲ, ಸಂಭಾಷಣೆ ಅರ್ಥವಾಗುತ್ತಿರಲಿಲ್ಲ. ಹೋಗುತ್ತಿದ್ದುದು ಬಟ್ಟೆ ನೋಡಲು, ದರ್ಜಿಯನ್ನು ಜೊತೆಗೆ ಕರೆದುಕೊಂಡು. ಕಾಸರಗೋಡು ಕಡೆಯ ಆ ದರ್ಜಿಗೆ ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ಅಂಗಡಿ ಇತ್ತು. ಕನ್ನಡ ಬರುತ್ತಿದ್ದುದರಿಂದ ಬ್ಯಾಂಕಿನ ಕನ್ನಡದವರ ಮನೆಗಳ ರವಿಕೆಗಳೆಲ್ಲ ಅವನ ಕೈಯಲ್ಲೇ ಆಗುತ್ತಿದ್ದವು. ಆತ ಕತ್ತಲಲ್ಲಿ ಸಿಗರೇಟ್ ಪ್ಯಾಕಿನ ಒಳಮೈ ಮೇಲೆ ಕುತ್ತಿಗೆಯ ಆಕಾರ ಗೀಚಿಕೊಳ್ಳುತ್ತಿದ್ದ. ಪಕ್ಕದಿಂದ ಆಕೆ, “ತೋಳು ನೋಡ್ರೀ, ತೋಳು ನೋಡ್ರೀ” ಎಂದು ಪಿಸುಗುಡುತ್ತಿದ್ದರು.

ಪತ್ರಿಕೆಗಾಗಿ ನಾನೂ ಆ ಚಿತ್ರಗಳನ್ನು ನೋಡಬೇಕಾಗುತ್ತಿತ್ತು. ಅವುಗಳ ಉಡುಪಿನ ಬಗ್ಗೆ ನನಗೆ ಅಂದಿಗೂ ಇಂದಿಗೂ ಒಂದೇ ಅಭಿಪ್ರಾಯ. ಅವು ಮನುಷ್ಯರು ತೊಡುವ ಬಟ್ಟೆಗಳಲ್ಲ. ನಾಯಕಿ ಕೂರಲಾರಳು, ಬಗ್ಗಲಾರಳು. ಕ್ಯಾಮರಾ ಯಾವ ಕಡೆ ಇದೆಯೋ ಆ ಕಡೆಗೆ ಮಾತ್ರ ಬಟ್ಟೆ ಸರಿಯಾಗಿರುತ್ತದೆ. ಬಾಡಿಗೆ ಕಟ್ಟಲಾಗದ ಟೈಪಿಸ್ಟ್ ಹುಡುಗಿ ಕೋಣೆಯಿಂದ ಹೊರಬಂದಾಗಲೆಲ್ಲ ಹೊಸ ಕೋಟು, ಅದಕ್ಕೊಪ್ಪುವ ಟೋಪಿ. ಸಾವಿರಾರು ವರ್ಷ ಹಿಂದಿನ ರಾಣಿಗೆ ಚಿತ್ರ ತಯಾರಾದ ವರ್ಷದ ಹುಬ್ಬು. ಊರು ಹೊತ್ತಿ ಉರಿದರೂ ಕೂದಲು ಕದಲುವುದಿಲ್ಲ. ಅದೂ ಹೋಗಲಿ, ಆ ಪ್ರಿಂಟುಗಳು ನಮ್ಮಲ್ಲಿಗೆ ಬರುವಾಗ ಗೀರು ಬಿದ್ದು ಮುದಿಯಾಗಿರುತ್ತಿದ್ದವು. ಅಮೆರಿಕದವರು ಎಂದೋ ಬಿಟ್ಟ ಬಟ್ಟೆಯನ್ನು ಎರ್ನಾಕುಳಂನ ಸೆಕೆಯಲ್ಲಿ ಹೊಸ ಫ್ಯಾಷನ್ ಎಂದು ಹೊಲಿಸಿಕೊಳ್ಳುವವರಿಗೆ ಏನು ಹೇಳುವುದು?

ಡಿಸೆಂಬರಿನ ಒಂದು ಭಾನುವಾರ ಅಂಥದೊಂದು ಹಳೆಯ ಕಪ್ಪುಬಿಳುಪು ಚಿತ್ರದಲ್ಲಿ ನಾಯಕಿ ನೆಲ ಗುಡಿಸುವ ಸ್ಯಾಟಿನ್ ಗೌನು ತೊಟ್ಟು ಮೆಟ್ಟಿಲಿಳಿದು ಬಂದಳು. ಉದ್ದ ತೋಳು, ಸೊಂಟಕ್ಕೊಂದು ಪಟ್ಟಿ, ಕೊರಳಿಗೂ ಮಣಿಕಟ್ಟಿಗೂ ಗರಿಯ ಅಂಚು. ಕೆಳಗೆ ನಿಂತಿದ್ದ ಗಂಡಸು ಬೆರಗಾಗಿ ನೋಡಿದ. ಮ್ಯಾನೇಜರ ಹೆಂಡತಿಗೆ ಅಷ್ಟು ಸಾಕಾಯಿತು. ಹೊಸ ವರ್ಷದ ಹಿಂದಿನ ಸಂಜೆ ಕ್ಲಬ್ಬಿನ ಪಾರ್ಟಿಗೆ ಹುಡುಗನೂ ತಾಯಿಯೂ ಬರುವುದೆಂದು ನಿಶ್ಚಯವಾಗಿತ್ತು. ಹುಡುಗಿ ಇದನ್ನೇ ತೊಡಬೇಕು ಎಂದು ಅಪ್ಪಣೆಯಾಯಿತು. ನಮ್ಮ ಮನೆಗಳಲ್ಲಿ ಹೆಂಗಸರು ರಾತ್ರಿ ಉಡುವುದು ಬಣ್ಣ ಹೋದ ಹಳೇ ಸೀರೆ. ಹಾಸಿಗೆಗೆ ಹೋಗಲು ಸ್ಯಾಟಿನ್ನು ತೊಡುವವರಿದ್ದಾರೆ ಎಂಬುದು ಯಾರ ತಲೆಗೂ ಹೊಳೆಯುವಂತಿರಲಿಲ್ಲ.

ಹೊಳೆದದ್ದು ದರ್ಜಿಗೆ. ಎರ್ನಾಕುಳಂನ ಬ್ರಾಡ್‌ವೇ ಪೇಟೆಯಿಂದ ಸ್ಯಾಟಿನ್ ಬಂತು. ಗರಿಗೆಂದು ಬಾತುಕೋಳಿಯ ಪುಕ್ಕ ತರಿಸಿ, ಸೋಪಿನ ನೀರಿನಲ್ಲಿ ಕುದಿಸಿ ಒಣಹಾಕಿದರು. ಅಳತೆ ನೋಡಲು ಆತ ಪಕ್ಕದ ಮನೆಗೆ ಬಂದ ದಿನ ನಾನು ಅವರ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಅಣ್ಣ ಕೆಲಸಕ್ಕೆ ಹೋಗಿದ್ದರು, ಮ್ಯಾನೇಜರ ಹೆಂಡತಿ ಇನ್ನೂ ಬಂದಿರಲಿಲ್ಲ.

“ಅಕ್ಕ, ಒಂದು ಮಾತು ಉಂಟು,” ಎಂದ ದರ್ಜಿ. “ಇದಕ್ಕೆ ಗುಂಡಿ ಇಲ್ಲ, ಹುಕ್ಕು ಇಲ್ಲ. ಬರೀ ಪಟ್ಟಿ. ಹೊರಗೆ ಹೋಗುವವರು ಇಂಥದ್ದು ಹಾಕ್ತಾರಾ ಮಾರಾಯ್ರೆ? ಇದು ಮಲಗುವ ಅಂಗಿ. ಆ ಹೆಂಗಸು ಹಾಸಿಗೆಯಿಂದ ಎದ್ದು ಬಂದದ್ದು, ಸಮಾ ನೋಡಿದ್ದೇನೆ ನಾನು.”

ಹುಡುಗಿ ನನ್ನ ಕಡೆ ತಿರುಗಿದಳು. “ಹೌದಾ ಸರ್?”

ಹೌದು ಎಂದೆ.

“ಮೇಡಂಗೆ ಹೇಳಿದ್ರಾ ಮಾಸ್ಟ್ರೇ?”

“ಹೇಳಿದೆ. ನಿನಗೆಂತ ಗೊತ್ತು, ಹೊಲಿ ಅಂದ್ರು.”

“ಹುಡುಗ ಅಮೆರಿಕಕ್ಕೆ ಹೋಗಿ ಬಂದವನು. ಅವನಿಗೆ ಗೊತ್ತಾಗುತ್ತಲ್ವಾ?”

“ಗೊತ್ತಾಗದೆ ಉಂಟಾ? ನಗ್ತಾನೆ.”

ಅವಳು ಸ್ಯಾಟಿನ್ನನ್ನು ಮಡಚಿ ದರ್ಜಿಯ ಕೈಗೆ ಕೊಟ್ಟಳು. “ಹಾಗಾದ್ರೆ ಹೊಲೀರಿ. ಚೆನ್ನಾಗಿ ಹೊಲೀರಿ. ಸರ್, ನೀವು ಅಣ್ಣಂಗೆ ಹೇಳ್ಬೇಡಿ.”

ನಾನು ಹೇಳಲಿಲ್ಲ. ವರದಿಗಾರ ಘಟನೆಯೊಳಗೆ ಕಾಲಿಡಬಾರದೆಂಬ ವೃತ್ತಿಧರ್ಮವನ್ನು ನೆಪ ಮಾಡಿಕೊಂಡೆ. ಆ ನೆಪವೂ ಅಗ್ಗದ್ದೇ.

ಪಾರ್ಟಿಯ ಸಂಜೆ ಗಾಳಿ ನಿಂತು ಸೆಕೆ ಕವಿದಿತ್ತು. ಸೆಕೆಯ ತೇವಕ್ಕೆ ಪುಕ್ಕಗಳು ಮುದ್ದೆಯಾಗಿ ವಾಸನೆ ಹೊಡೆಯುತ್ತಿದ್ದವು. ಗೌನಿನ ಒಳಗೆ ಲಂಗ, ರವಿಕೆ ಎಲ್ಲ ತೊಟ್ಟಿದ್ದ ಹುಡುಗಿ ಬೆವರುತ್ತಿದ್ದಳು. ಮ್ಯಾನೇಜರ ಹೆಂಡತಿ ಅವಳ ಮೊಣಕೈ ಹಿಡಿದು, ಹರಾಜಿನ ವಸ್ತುವನ್ನು ತರುವಂತೆ, ಹಾಲಿನ ಉದ್ದಕ್ಕೂ ನಡೆಸಿಕೊಂಡು ಬಂದರು.

ಸೂಟು ತೊಟ್ಟ ಹುಡುಗ ಮೊದಲು ಹುಬ್ಬೇರಿಸಿದ, ಆಮೇಲೆ ಪಕ್ಕದವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ಒಂದು ವರ್ಷದ ಅಮೆರಿಕ ಅವನಿಗೆ ಕಲಿಸಿದ್ದು ಆ ನಗೆಯನ್ನು.

“ಏನೋ ಅದು?” ಎಂದು ತಾಯಿ ಕೇಳಿದರು.

“ನೈಟ್ ಡ್ರೆಸ್ ಅಮ್ಮ. ಅಲ್ಲಿ ಹಾಲಿನ ಬಾಟ್ಲಿ ತಗೊಳ್ಳೋಕೆ ಬಾಗಿಲಿಗೆ ಬರ್ತಾರಲ್ಲ, ಆಗ ಹಾಕ್ಕೊಳ್ಳೋದು.”

ತಾಯಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. “ಮಲಗೋ ಬಟ್ಟೇಲಿ ಹೆಣ್ಣು ತೋರಿಸ್ತಾರೇನ್ರೀ?” ಎಂದು ಮ್ಯಾನೇಜರ ಹೆಂಡತಿಯನ್ನೇ ಕೇಳಿದರು.

“ಅಯ್ಯೋ, ಇದು ಲೇಟೆಸ್ಟು ರೀ!”

ಹುಡುಗ ಹುಡುಗಿಯ ಕಡೆ ಬಾಗಿ, “ಇದೇನು ಅಂತ ಗೊತ್ತಿತ್ತಾ ನಿಮಗೆ?” ಎಂದ.

“ಗೊತ್ತಿತ್ತು,” ಎಂದಳು. “ಹತ್ತನೇ ತಾರೀಖು ನಾನು ತಿರುವನಂತಪುರದಲ್ಲಿ ಕೆಲಸಕ್ಕೆ ಸೇರ್ಬೇಕು.”

ಅವನ ನಗು ನಿಂತಿತು. ತಾಯಿ ಮಗ ಹತ್ತು ನಿಮಿಷದಲ್ಲಿ ಹೊರಟರು.

ಜನವರಿ ನಾಲ್ಕಕ್ಕೆ ಹುಡುಗನ ಮನೆಯಿಂದ ಸಂಬಂಧ ಬೇಡವೆಂಬ ಕಾಗದ ಬಂತು. ಮ್ಯಾನೇಜರ ಹೆಂಡತಿ ತಪ್ಪನ್ನೆಲ್ಲ ದರ್ಜಿಯ ಮೇಲೆ ಹೊರಿಸಿದರು. ಬ್ಯಾಂಕಿನ ಮನೆಗಳ ಬಟ್ಟೆ ಅವನ ಅಂಗಡಿಗೆ ಹೋಗುವುದು ನಿಂತಿತು. ಯಾವ ಮನೆಯವರೂ ಅವನನ್ನು ಒಂದು ಮಾತು ಕೇಳಲಿಲ್ಲ. ಆತ ಶಾಲೆಯ ಸಮವಸ್ತ್ರ ಹೊಲಿಯತೊಡಗಿದ. ಹುಡುಗಿಯ ಮುಖ ಕ್ಲಬ್ಬಿನವರ ಕಣ್ಣಿಗೆ ಬೀಳುವುದು ಮ್ಯಾನೇಜರ ಹೆಂಡತಿಗೆ ಬೇಕಿರಲಿಲ್ಲ. “ಸ್ವಲ್ಪ ದಿನ ಎಲ್ಲಾದರೂ ದೂರ ಇರ್ಲಿ ರೀ ಅವಳು,” ಎಂದು ಅವರೇ ಅಣ್ಣನಿಗೆ ಹೇಳಿದರು. ಅಣ್ಣ ಯಾವತ್ತಿನಂತೆ ಒಪ್ಪಿದರು.

ಒಂಬತ್ತನೇ ತಾರೀಖು ನನಗೂ ತಿರುವನಂತಪುರದಲ್ಲಿ ವರದಿಯ ಕೆಲಸವಿತ್ತು. ಒಂದೇ ರೈಲಿನಲ್ಲಿ ಹೋದೆವು. ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿದಾಗ ಅವಳ ಬಳಿ ಒಂದು ಟ್ರಂಕು, ಸುತ್ತಿದ ಹಾಸಿಗೆ ಇದ್ದವು. ಹಾಸ್ಟೆಲ್ಲಿಗೆ ಬಿಡಲೇ ಎಂದೆ. “ಬೇಡ ಸರ್, ದಾರಿ ಕೇಳ್ಕೊಂಡು ಹೋಗ್ತೀನಿ,” ಎಂದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಸೇರಿದಳು.

ಎಪ್ಪತ್ತೊಂದರಲ್ಲಿ ನನಗೂ ತಿರುವನಂತಪುರಕ್ಕೆ ವರ್ಗವಾಯಿತು. 1976ರ ಮಾರ್ಚ್‌ನಲ್ಲಿ ಪಟ್ಟಂ ಬಡಾವಣೆಯ ಅವಳ ಕಚೇರಿಗೆ ಹೋದಾಗ, ಆ ಹುಡುಗಿ, ಈಗ ‘ಅವರು’ ಎನ್ನಬೇಕು, ಇಲಾಖಾ ಪರೀಕ್ಷೆ ಪಾಸಾಗಿ ಮೇಲ್ವಿಚಾರಕಿಯಾಗಿದ್ದಾರೆಂದು ತಿಳಿಯಿತು. ಅಂದು ರಜೆಯ ಮೇಲಿದ್ದರು.