ಇಪ್ಪತ್ತನಾಲ್ಕು ಮೀನುಗಳ ಬಲಗಣ್ಣು

2019ರಲ್ಲಿ ನಾನು ಮೈಸೂರಿನಲ್ಲಿ ಮೀನುಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಬೆಳಿಗ್ಗೆ ಅಗ್ರಹಾರದ ಮನೆಗೆ ಬೀಗ ಹಾಕಿ ಹೊರಡುತ್ತಿದ್ದೆ, ಮೇಜಿಗೆ ಬಂದ ಕಾಗದಕ್ಕೆ ಸಹಿ ಹಾಕುತ್ತಿದ್ದೆ, ಸಂಜೆ ಬಂದು ಬೀಗ ತೆಗೆಯುತ್ತಿದ್ದೆ. ದುಃಖವೆಂದರೆ ದುಃಖವೂ ಇರಲಿಲ್ಲ, ಏನೂ ಇರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ಮಾರ್ಚ್ ತಿಂಗಳಲ್ಲಿ ಒಂದು ದೂರು ಬಂತು. ಊರಂಚಿನ ಕೆರೆಯಲ್ಲಿ ಕಣ್ಣು ಬೆಳ್ಳಗಾದ ಕಾಟ್ಲಾ ಮೀನುಗಳು ನೀರಿನ ಮೇಲೆ ಸುತ್ತು ಹಾಕುತ್ತಿವೆ, ಕೆಲವು ಸತ್ತು ತೇಲುತ್ತಿವೆ ಎಂದು. ಆ ಕೆರೆಯ ಗುತ್ತಿಗೆ ಕೆಂಪಸಿದ್ದ ಎಂಬವನದು. ಮರಿ ಬಿಟ್ಟು, ಬೆಳೆಸಿ, ತೆಪ್ಪದಲ್ಲಿ ಹೋಗಿ ಬಲೆ ಬೀಸುವುದು ಅವನಿಗೆ ಗೊತ್ತಿದ್ದ ಒಂದೇ ಕೆಲಸ. ಭಾನುವಾರಗಳಲ್ಲಿ ಮಾತ್ರ ಅಲ್ಲಿಗೆ ಹವ್ಯಾಸಿ ಗಾಳದವರು ಬರುತ್ತಿದ್ದರು. ಮೀನು ಹಿಡಿದು, ಫೋಟೋ ತೆಗೆದುಕೊಂಡು, ಮತ್ತೆ ನೀರಿಗೆ ಬಿಡುವವರು. ದೂರು ಕೊಟ್ಟವರೂ ಅವರೇ. 'ಕೆಂಪಸಿದ್ದ ಕೆರೆಗೆ ಸುಣ್ಣ ಸುರಿದಿದ್ದಾನೆ' ಎಂದು ಬರೆದಿದ್ದರು.

ನೀರಿನ ಹುಳಿ ತೆಗೆಯಲು ಸುಣ್ಣ ಹಾಕುವುದು ಮೀನು ಸಾಕುವವರ ಮಾಮೂಲಿ ಪದ್ಧತಿ. ಹೆಚ್ಚಾದರೆ ಕಣ್ಣು ಸುಡುತ್ತದೆ. ಮೀನಿಗೆ ರೆಪ್ಪೆಯಿಲ್ಲ, ನೀರಿನಲ್ಲಿ ಏನಿದೆಯೋ ಅದು ನೇರ ಕಣ್ಣಿಗೇ ತಾಗುತ್ತದೆ. ದಂಡೆಯ ಮೇಲೆ ಆರು ಖಾಲಿ ಸುಣ್ಣದ ಚೀಲಗಳೂ ಬಿದ್ದಿದ್ದವು. ತಪ್ಪು ಸಾಬೀತಾದರೆ ಗುತ್ತಿಗೆ ರದ್ದು.

ನಾನು ಕ್ರಮವಾಗಿಯೇ ತಪಾಸಣೆ ಮಾಡಿದೆ. ಸೆಕ್ಕಿ ಡಿಸ್ಕ್ ಎಂಬ ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಕಟ್ಟಿ ನೀರಿಗಿಳಿಸಿದೆ. ಹದಿನೆಂಟು ಸೆಂಟಿಮೀಟರಿಗೇ ಮಾಯವಾಯಿತು. ಚರಂಡಿ ಸೇರಿ ಹಸಿರುಗಟ್ಟಿದ ನೀರು. ಅಂಥ ನೀರಿನಲ್ಲಿ ಒಳ್ಳೆಯ ಕಣ್ಣಿದ್ದರೂ ಮೀನಿಗೆ ಗೇಣುದ್ದ ಕಾಣುವುದೇ ಕಷ್ಟ, ವಾಸನೆ ಹಿಡಿದೇ ಆಹಾರ ಹುಡುಕುತ್ತದೆ. ಪಿಎಚ್ ಸರಿಯಾಗಿತ್ತು. ಸುಣ್ಣದ ಖಾರ ಅಷ್ಟರಲ್ಲಿ ಇಳಿದಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಸುತ್ತು ಹಾಕುತ್ತಿದ್ದ ಇಪ್ಪತ್ತನಾಲ್ಕು ಮೀನು ಹಿಡಿಸಿ ಐಸ್ ಮೇಲೆ ಸಾಲಾಗಿ ಮಲಗಿಸಿದೆವು. ನಮ್ಮ ವೃತ್ತಿಯಲ್ಲಿ ಒಂದು ರೂಢಿಯಿದೆ. ಮೀನಿನ ಫೋಟೋ ತೆಗೆಯುವಾಗ ತಲೆ ಯಾವಾಗಲೂ ಎಡಕ್ಕಿರಬೇಕು. ಹಾಗಾಗಿ ಮೇಲೆ ಕಾಣುವುದು ಎಡ ಮಗ್ಗುಲು ಮಾತ್ರ. ಕಾಲೇಜಿನಲ್ಲಿ ಕಲಿತ ಪಾಠ, ಮೂವತ್ತು ವರ್ಷ ಮಾಡಿದ ಕೆಲಸ. ಐಸ್ ಮುಟ್ಟಿ ಬೆರಳು ಮರಗಟ್ಟಿದ್ದವು. ಒಂದೊಂದೇ ಮೀನು ನೋಡುತ್ತಾ ಬರೆದುಕೊಂಡೆ: ಹದಿಮೂರು ಬಾಧಿತ, ಹನ್ನೊಂದು ಆರೋಗ್ಯವಂತ. ಪಕ್ಕದಲ್ಲಿ ನಿಂತು ಕೆಂಪಸಿದ್ದ ಏನೋ ಹೇಳುತ್ತಿದ್ದ. 'ಗುತ್ತಿಗೆದಾರನು ಆರೋಪವನ್ನು ನಿರಾಕರಿಸಿರುತ್ತಾನೆ' ಎಂದು ಅದನ್ನೂ ಬರೆದೆ. ಕಾರಣದ ಜಾಗದಲ್ಲಿ 'ಸುಣ್ಣದ ಅತಿಬಳಕೆ' ಎಂದು ಬರೆದು ಸಹಿ ಹಾಕಿದೆ. ಮೂರು ವಾರದಲ್ಲಿ ಗುತ್ತಿಗೆ ರದ್ದಾಯಿತು. ನನಗೆ ಏನೂ ಅನ್ನಿಸಲಿಲ್ಲ.

ಜುಲೈನ ಒಂದು ಭಾನುವಾರ ವಿದ್ಯಾರಣ್ಯಪುರಂನಲ್ಲಿ ಮೀನು ಕೊಳ್ಳಲು ನಿಂತಿದ್ದೆ. ಮಾರುವಾಕೆ ನನ್ನ ಮುಂದೆ ಒಂದು ಮೀನಿಟ್ಟಳು. ನಾನು ಸುಮ್ಮನೆ ತಲೆಯಾಡಿಸಿದೆ. ಆಕೆಗೇ ಸಮಾಧಾನವಾಗಲಿಲ್ಲ.

"ಎಂಗ್ ಸಾರ್ ಅಂಗೇ ತಲೆ ಆಡಿಸ್ಬುಟ್ರಿ? ತಿರುಗ್ಸಿ ನೋಡ್ಕಳಿ. ಒಂದೇ ಮಗ್ಗುಲು ನೋಡಿ ಯಾರಾದ್ರೂ ಮೀನು ತಗತಾರಾ?"

ಆಕೆ ಮೀನನ್ನು ಮಗುಚಿ ಹಾಕಿದಳು. ನಾನು ಮೀನು ಬಿಟ್ಟು ಆಫೀಸಿಗೆ ಹೋದೆ.

ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮೀನಿನ ತಲೆಗಳನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತೇವೆ. ತೆಗೆದು ಒಂದೊಂದನ್ನೇ ಮಗುಚಿದೆ. ಹೆಪ್ಪುಗಟ್ಟಿಸಿದರೆ ಎಲ್ಲ ಮೀನಿನ ಕಣ್ಣೂ ಬೆಳ್ಳಗಾಗುತ್ತದೆ, ಆದರೆ ತೂತು ಮುಚ್ಚುವುದಿಲ್ಲ. ನಾನು ಆರೋಗ್ಯವಂತವೆಂದು ಬರೆದಿದ್ದ ಹನ್ನೊಂದರಲ್ಲೂ ಬಲಗಣ್ಣು ಹರಿದಿತ್ತು. ಬಾಯಿ ಬಿಡಿಸಿ ನೋಡಿದರೆ ಅಂಗುಳಿನಿಂದ ಕಣ್ಣಿನ ಗೂಡಿನವರೆಗೆ ಸಣ್ಣ ತೂತು. ಉಳಿದ ಹದಿಮೂರರಲ್ಲಿ ಅದೇ ತೂತು ಎಡಕ್ಕೆ. ಒಂದರಲ್ಲಿ ಮುರಿದ ಗಾಳದ ಮೊನೆಯೂ ಸಿಕ್ಕಿತು. ಇಪ್ಪತ್ತನಾಲ್ಕಕ್ಕೂ ಒಂದೊಂದೇ ಕಣ್ಣು ಹೋಗಿತ್ತು. ಸುಣ್ಣ ಎಡ ಬಲ ನೋಡಿ ಸುಡುವುದಿಲ್ಲ.

ಗಾಳದವರು ರಾಗಿ ಹಿಟ್ಟಿನ ಉಂಡೆಯ ಸುತ್ತ ಐದಾರು ಗಾಳ ಕಟ್ಟಿ ಬಿಡುತ್ತಾರೆ. ತಿಳಿನೀರಿನಲ್ಲಾದರೆ ಮೀನಿಗೆ ಗಾಳ ಕಂಡೀತು. ಆ ಹಸಿರು ನೀರಿನಲ್ಲಿ ವಾಸನೆಗೆ ಬಂದು ಉಂಡೆ ಹೀರಿದರೆ, ಒಂದು ಗಾಳ ತುಟಿಗೆ, ಇನ್ನೊಂದು ಅಂಗುಳಿಗೆ. ಎಳೆದರೆ ಕಣ್ಣು. ಮೀನಿನ ಎರಡು ಕಣ್ಣು ಎರಡು ಕಡೆ ನೋಡುತ್ತವೆ, ಒಂದು ಹೋದರೆ ಆ ಕಡೆಯ ಲೋಕವೇ ಕತ್ತಲೆ. ಅದಕ್ಕೇ ಸುತ್ತು ಹಾಕುತ್ತಿದ್ದವು. ನೀರಿಗೆ ಬಿಟ್ಟವರು ಪುಣ್ಯ ಬಂತೆಂದು ಮನೆಗೆ ಹೋಗುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದವನು ನಾನು.

ಮರುದಿನವೇ ನನ್ನ ತಪ್ಪನ್ನು ಒಪ್ಪಿಕೊಂಡು ಹೊಸ ವರದಿ ಬರೆದೆ. ಗುತ್ತಿಗೆ ರದ್ದತಿಯ ಆದೇಶ ವಾಪಸಾಗಲು ಡಿಸೆಂಬರ್ ಆಯಿತು. ಪ್ರತಿಯನ್ನು ನಾನೇ ತೆಗೆದುಕೊಂಡು ಹೋದೆ. ಕೆಂಪಸಿದ್ದ ಅಷ್ಟರಲ್ಲಿ ತೆಪ್ಪ, ಬಲೆ ಮಾರಿ, ಚಾಮರಾಜಪುರಂನ ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್ ಆಗಿದ್ದ. ಕಾಗದ ಓದಿಸಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಈಗ ಗೊತ್ತಾಯ್ತಾ ಸಾ?" ಎಂದ. "ಅವತ್ತೇ ಯೋಳಿದ್ನಲ್ಲ, ಸುಣ್ಣ ಆಗಿದ್ರೆ ಎರಡು ಕಣ್ಣೂ ಓಗ್ಬೇಕಿತ್ತು, ಮಗುಚಿ ನೋಡಿ ಸಾ ಅಂತ. ಮೂರ್ ಸಲ ಯೋಳ್ದೆ. ನೀವು ಬರ್ಕೋತಾನೇ ಇದ್ರಿ."

ಹೆಂಡತಿ ಹೋದ ಮೇಲೆ ಮೊದಲ ಸಲ ನನಗೆ ಅಳು ಬಂತು, ಅದೂ ಬೇರೆಯವರ ಕಲ್ಯಾಣ ಮಂಟಪದ ಗೇಟಿನಲ್ಲಿ. ಅವನೇ ಕುರ್ಚಿ ತಂದು ಕೂರಿಸಿದ. ಕೆರೆಗೆ ಮಾತ್ರ ಅವನು ವಾಪಸ್ ಹೋಗಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೂ ಮೀನಿನ ಎರಡೂ ಮಗ್ಗುಲಿನ ಫೋಟೋ ತೆಗೆಸಿದೆ. ಅದು ಸುಲಭದ ಪಾಠ. ಕಷ್ಟದ್ದು ಇನ್ನೊಂದು. 'ನಿರಾಕರಿಸಿರುತ್ತಾನೆ' ಎಂದು ಬರೆಯುವ ಮೊದಲು ಪೆನ್ನು ಕೆಳಗಿಟ್ಟು, ಎದುರಿನವನ ಮುಖ ನೋಡಿ, 'ಏನಂದೆಯಪ್ಪ, ಇನ್ನೊಂದು ಸಲ ಹೇಳು' ಎಂದು ಕೇಳುವುದು.